ಸೂಜಿಯಿಂದ ಬಂದ ಬಣ್ಣ
ಸೊಲ್ಲಾಪುರದ ಪೇಟೆಯಲ್ಲಿ ಮೊಮ್ಮಗಳು ಹಟ ಹಿಡಿದಳು: "ಅಜ್ಜಾ, ಆ ಗುಲಾಬಿ ಮೀನಾ ಕೊಡಸು!" ವಿಚಾರಿಸಿದೆ. "ಹುಟ್ಟುಬಣ್ಣ ಅಲ್ರೀ, ಸೂಜಿ ಚುಚ್ಚಿ ತುಂಬತಾರ" ಎಂದ ಅಂಗಡಿಯವ.

ಅದು ನಮ್ಮ ದೇಶದ ಹೊಳೆ-ಕೆರೆಗಳಲ್ಲೂ ಇರುವ ಗಾಜುಮೀನು. ಮೈಯೊಳಗಿನ ಮುಳ್ಳೂ ಕಾಣುವಷ್ಟು ತಿಳಿ. ಚುಚ್ಚಿದ ಬಣ್ಣ ಕೆಲವೇ ತಿಂಗಳಲ್ಲಿ ಮಾಸುತ್ತದೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ ಇಂಥ ಮೀನುಗಳ ಪೈಕಿ ಶೇ. 40ಕ್ಕೂ ಹೆಚ್ಚಿನವಕ್ಕೆ ಮೈಮೇಲೆ ಗಂಟೇಳುವ ವೈರಸ್ ರೋಗವಿತ್ತು. ಬಣ್ಣ ಚುಚ್ಚದವುಗಳಲ್ಲಿ ಸುಮಾರು ಶೇ. 10ಕ್ಕೆ ಮಾತ್ರ.

ವಟಾಣಿಗೆ ಬಣ್ಣ ಹಚ್ಚಿ ಮಾರಿದರೆ ಮೋಸ ಅಂತೀವಿ. ಜೀವಕ್ಕೆ ಚುಚ್ಚಿದ್ದಕ್ಕೆ ರೊಕ್ಕ ಕೊಟ್ಟು ಬರೋದೇನು? ಕೊಳ್ಳುವವರಿಲ್ಲದಿದ್ದರೆ ಸೂಜಿಯೂ ನಿಲ್ಲುತ್ತದೆ.

ಬಣ್ಣವಿಲ್ಲದ ಎರಡು ಗಾಜುಮೀನು ತಂದೆವು. ಮೊಮ್ಮಗಳೀಗ ಅವುಗಳ ಮುಳ್ಳು ಎಣಿಸುತ್ತ ಕೂತಿದ್ದಾಳೆ.