ಮಗುವಿನ ತೂಕ ಮತ್ತು ಮನೆಯ ಸ್ಥಿತಿಗತಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಅನುಭವಿಯಾದ ರೈತನು ಮೊಳಕೆಯನ್ನಷ್ಟೇ ನೋಡಿ ತೃಪ್ತನಾಗುವುದಿಲ್ಲ. ನೆಲದ ಹದ, ನೀರಿನ ಅನುಕೂಲ, ಹಿಂದಿನ ಬೆಳೆ ಇವೆಲ್ಲವನ್ನೂ ವಿಚಾರಿಸುತ್ತಾನೆ. ಮಕ್ಕಳ ಆರೋಗ್ಯವನ್ನು ಅರಿಯಹೊರಟವರ ಕ್ರಮವೂ ಇದೇ. ಸಮೀಕ್ಷೆಗೆಂದು ಬಂದವರು ಮಗುವಿನ ತೂಕ, ಎತ್ತರಗಳನ್ನು ಬರೆದುಕೊಂಡ ಮೇಲೆ ಮನೆಯ ಛಾವಣಿ ಯಾವ ಬಗೆಯದು, ಶೌಚಾಲಯವುಂಟೆ, ತಾಯಿ ಎಷ್ಟು ಓದಿದ್ದಾಳೆ, ಅಡುಗೆಗೆ ಉರುವಲು ಯಾವುದು ಎಂದು ಕೇಳತೊಡಗಿದರೆ ಅನೇಕ ಗೃಹಿಣಿಯರಿಗೆ ಬೇಸರವಾಗುತ್ತದೆ. ‘ಮಗುವಿನ ತೂಕಕ್ಕೂ ನಮ್ಮ ಮನೆಯ ಛಾವಣಿಗೂ ಏನು ಸಂಬಂಧ?’ ಎಂಬ ಅವರ ಪ್ರಶ್ನೆ ನ್ಯಾಯವಾದುದೇ. ಅದರ ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ.

ನೆರೆಯ ಸಂಸ್ಥೆ, ನೆರೆಯ ಹಳ್ಳಿಗಳು

ನಮ್ಮ ಮಲ್ಕಾಜ್‌ಗಿರಿಗೆ ಸಮೀಪದಲ್ಲಿಯೇ, ತಾರ್ನಾಕಾದಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ಆರಂಭವಾದ ಈ ಸಂಶೋಧನಾ ಕೇಂದ್ರವು 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇತ್ತ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆಯು ದೇಶದ 33 ವಿಭಾಗಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಮೊದಲು ಅದನ್ನು ಕಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂಗನವಾಡಿಗಳೆಂದು ನಾವಿಂದು ಕರೆಯುವುದು ಇದೇ ಯೋಜನೆಯ ಕೇಂದ್ರಗಳನ್ನು.

ಯೋಜನೆಯು ಹಂತಹಂತವಾಗಿ ವಿಸ್ತರಿಸುತ್ತಿದ್ದಾಗ, ಹೈದರಾಬಾದಿನ ಸಮೀಪದ ಕೆಲವು ಹಳ್ಳಿಗಳಿಗೆ ಅದು ತಲುಪಿತ್ತು. ಮತ್ತೆ ಕೆಲವಕ್ಕೆ ಇನ್ನೂ ತಲುಪಿರಲಿಲ್ಲ. ಪೋಷಣ ಸಂಸ್ಥೆಯವರು ಈ ಸಂದರ್ಭವನ್ನು ಉಪಯೋಗಿಸಿಕೊಂಡು 1987ರಿಂದ 1990ರವರೆಗೆ ಅಂತಹ 29 ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. 15 ಹಳ್ಳಿಗಳಲ್ಲಿ ಗರ್ಭಿಣಿಯರಿಗೂ, ಬಾಣಂತಿಯರಿಗೂ, ಆರು ವರ್ಷದೊಳಗಿನ ಮಕ್ಕಳಿಗೂ ಪೂರಕ ಆಹಾರ ದೊರೆಯುತ್ತಿತ್ತು. ಉಳಿದ 14ರಲ್ಲಿ ಇರಲಿಲ್ಲ. ಮೊದಲ ಫಲಿತಾಂಶವನ್ನು ನೋಡಿದವರಿಗೆ ನಿರಾಶೆಯಾಗಿದ್ದರೆ ಆಶ್ಚರ್ಯವಿಲ್ಲ. ಆಹಾರ ಪಡೆದ ಹಳ್ಳಿಗಳ ಶಿಶುಗಳು ಹುಟ್ಟುವಾಗ ಸರಾಸರಿ 61 ಗ್ರಾಂ ಮಾತ್ರ ಹೆಚ್ಚು ತೂಗಿದ್ದವು.

ಲೆಕ್ಕವನ್ನು ಅಲ್ಲಿಗೇ ಮುಗಿಸಿದ್ದರೆ, ‘ಇಷ್ಟು ಖರ್ಚಿಗೆ ಇಷ್ಟೇ ಫಲವೆ?’ ಎಂದು ಯಾರಾದರೂ ಕೇಳಬಹುದಾಗಿತ್ತು. ಆದರೆ 2003ರಿಂದ 2005ರ ಅವಧಿಯಲ್ಲಿ ಸಂಶೋಧಕರು ಅದೇ ಹಳ್ಳಿಗಳಿಗೆ ಮರಳಿ ಹೋಗಿ, 13ರಿಂದ 18 ವರ್ಷ ವಯಸ್ಸಿನವರಾಗಿದ್ದ 1,165 ಮಂದಿಯನ್ನು ಪರೀಕ್ಷಿಸಿದರು. ಪೂರಕ ಆಹಾರದ ಹಳ್ಳಿಗಳಲ್ಲಿ ಹುಟ್ಟಿದವರು ಸರಾಸರಿ 14 ಮಿಲಿಮೀಟರ್ ಎತ್ತರವಾಗಿದ್ದರು. ಅವರ ದೇಹವು ಇನ್ಸುಲಿನ್‌ಗೆ ಹೆಚ್ಚು ಸುಲಭವಾಗಿ ಸ್ಪಂದಿಸುತ್ತಿತ್ತು. ರಕ್ತನಾಳಗಳ ಬಿಗುವೂ ಕಡಿಮೆಯಿತ್ತು. ಮುಂದೆ ಸಿಹಿಮೂತ್ರ, ಹೃದಯರೋಗಗಳ ಸಂಭವವನ್ನು ಸೂಚಿಸುವ ಲಕ್ಷಣಗಳಿವು. 2008ರಲ್ಲಿ ಪ್ರಕಟವಾದ ಈ ಫಲಿತಾಂಶವು, ಶೈಶವದ ತುತ್ತಿನ ಪರಿಣಾಮ ಹದಿನೈದು ವರ್ಷಗಳ ನಂತರವೂ ಉಳಿದಿರಬಲ್ಲದೆಂಬುದಕ್ಕೆ ಸಾಕ್ಷಿಯಾಯಿತು.

ಛಾವಣಿಯನ್ನು ಕೇಳುವುದೇಕೆ?

ಈಗ ಗೃಹಿಣಿಯ ಪ್ರಶ್ನೆಗೆ ಬರೋಣ. ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲವಾದ್ದರಿಂದ ಎರಡು ಗುಂಪುಗಳೂ ಎಲ್ಲ ವಿಧದಲ್ಲಿಯೂ ಸಮಾನವಾಗಿದ್ದವೆಂದು ಹೇಳುವಂತಿಲ್ಲ. ಒಂದು ಕಡೆಯ ಕುಟುಂಬಗಳು ಹೆಚ್ಚು ಅನುಕೂಲಸ್ಥವಾಗಿದ್ದರೆ, ಎತ್ತರಕ್ಕೆ ಕಾರಣ ಆಹಾರವೋ ಅನುಕೂಲವೋ ಎಂಬ ಸಂದೇಹ ಉಳಿಯುತ್ತದೆ. ಮನೆಯ ಸ್ಥಿತಿಗತಿಯನ್ನು ಬರೆದುಕೊಂಡರೆ ಮಾತ್ರ ಸಮಾನ ಸ್ಥಿತಿಯವರನ್ನು ಸಮಾನ ಸ್ಥಿತಿಯವರೊಡನೆ ಹೋಲಿಸಬಹುದು. ಛಾವಣಿಯ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಅದು ತಕ್ಕಡಿಯ ಇನ್ನೊಂದು ತಟ್ಟೆ.

ಇನ್ನೊಂದು ನಿದರ್ಶನವನ್ನು ನೋಡೋಣ. 2002ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ‘ಯಂಗ್ ಲೈವ್ಸ್’ ಎಂಬ ಅಧ್ಯಯನವು ಸುಮಾರು 3,000 ಮಕ್ಕಳನ್ನು ಆರಿಸಿಕೊಂಡು, ಕೆಲವು ವರ್ಷಗಳಿಗೊಮ್ಮೆ ಅವರ ಮನೆಗಳಿಗೆ ಹೋಗಿ ವಿಚಾರಿಸುತ್ತ ಬಂದಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ಈ ಅಧ್ಯಯನವು ಇಥಿಯೋಪಿಯ, ಪೆರು, ವಿಯಟ್ನಾಂ ದೇಶಗಳಲ್ಲಿಯೂ ನಡೆದಿದೆ. ‘ನಿಮ್ಮ ಕುಟುಂಬ ಬರಗಾಲಕ್ಕೆ ಸಿಕ್ಕಿತ್ತೆ?’ ಎಂಬುದು ಅವರ ಪ್ರಶ್ನೆಗಳಲ್ಲೊಂದು. ಬರದಿಂದ ಕುಗ್ಗಿದ ಮಕ್ಕಳಲ್ಲಿ ಶಾಲೆಯ ಮಧ್ಯಾಹ್ನದ ಊಟ ಪಡೆದವರು ಚೇತರಿಸಿಕೊಂಡದ್ದು ಆ ಉತ್ತರಗಳ ಸಹಾಯದಿಂದಲೇ ತಿಳಿದುಬಂದಿತು. ಬರದ ಸಂಗತಿಯನ್ನು ಕೇಳದೆ ಇದ್ದಿದ್ದರೆ ಊಟದ ಈ ಗುಣ ಮರೆಯಾಗಿಯೇ ಉಳಿಯುತ್ತಿತ್ತು.

ಮೈಸೂರಿನ ಹಳೆಯ ದಾಖಲೆಗಳು

ದಾಖಲೆಯ ಬೆಲೆಯನ್ನು ಮೈಸೂರು ಇನ್ನೂ ಚೆನ್ನಾಗಿ ತೋರಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ಜನನಕಾಲದ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗುತ್ತಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದಶಕಗಳ ನಂತರ ಪರೀಕ್ಷಿಸಿದಾಗ, ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಏಳು ಪೌಂಡಿಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. 1996ರಲ್ಲಿ ಈ ಸಂಗತಿ ಪ್ರಕಟವಾಯಿತು. ತೂಕವನ್ನು ಬರೆದಿಟ್ಟ ಆ ದಾದಿಯರು ತಮ್ಮ ಅಂಕಿಗಳು ಹೀಗೆ ಉಪಯೋಗವಾದಾವೆಂದು ಎಣಿಸಿರಲಾರರು.

ನಮ್ಮ ಕರ್ತವ್ಯ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ತೆಲಂಗಾಣದಲ್ಲಿ ನೂರಕ್ಕೆ 33.1, ಕರ್ನಾಟಕದಲ್ಲಿ 35.4. ಹುಟ್ಟಿದ ನಾಡಿನಲ್ಲಿಯೂ ನೆಲೆಸಿದ ನಾಡಿನಲ್ಲಿಯೂ ಮೂರರಲ್ಲಿ ಒಂದು ಮಗು ಹೀಗೆ ಕುಂಠಿತವಾಗಿರುವಾಗ, ಎಲ್ಲಿ ಯಾವ ನೆರವು ಬೇಕೆಂಬುದನ್ನು ಸರ್ಕಾರಗಳು ಊಹೆಯಿಂದ ನಿರ್ಧರಿಸಬಾರದು.

ಇದರಲ್ಲಿ ವಾಚಕರ ಪಾಲೂ ಇದೆ. ತಾಯಿ-ಮಗುವಿನ ಕಾರ್ಡನ್ನು ಜೋಪಾನವಾಗಿಡಿ. ಅದರಲ್ಲಿ ತೂಕವನ್ನು ತಪ್ಪದೆ ಬರೆಸಿ. ನಿಮ್ಮ ಮನೆಗೆಲಸದಾಕೆಗೆ ಚಿಕ್ಕ ಮಕ್ಕಳಿದ್ದರೆ ಅಂಗನವಾಡಿಗೆ ಹೋಗಿಬರಲು ಸಮಯ ಕೊಡಿ. ಸಮೀಕ್ಷೆಯವರು ಬಂದಾಗ ಅವರ ಗುರುತುಚೀಟಿಯನ್ನು ನೋಡಿ, ಉದ್ದೇಶವನ್ನು ಕೇಳಿ. ಒಲ್ಲದ ಪ್ರಶ್ನೆಗೆ ಉತ್ತರ ಕೊಡದಿರುವ ಹಕ್ಕು ನಿಮಗಿದೆ. ಆದರೆ ಉತ್ತರಿಸುವುದಾದರೆ ನಿಜವನ್ನೇ ಹೇಳಿ. ಮಾನಕ್ಕಂಜಿ ಕೊಟ್ಟ ಸುಳ್ಳು ಉತ್ತರವು ನಮ್ಮ ಮನೆಗೆ ನಷ್ಟ ತರದಿರಬಹುದು. ಆ ಲೆಕ್ಕವನ್ನು ನಂಬಿ ರೂಪಿಸಿದ ಯೋಜನೆಯಿಂದ ಇನ್ನೊಂದು ಮನೆಯ ಮಗುವಿನ ತುತ್ತು ತಪ್ಪೀತು.