ಇರುಳಲ್ಲೂ ಕಾಣುವ ಬೈನಾಕ್ಯುಲರ್
ಡಿಜಿಟಲ್ ಇರುಳು ಬೈನಾಕ್ಯುಲರ್ ಎಂಬುದು ಸಂವೇದಕದ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ ಸಂಕೇತವಾಗಿಸಿ ಒಳಗಿನ ಪುಟ್ಟ ಪರದೆಯಲ್ಲಿ ಚಿತ್ರವಾಗಿ ತೋರುವ ಸಾಧನವಾಗಿದ್ದು, ಕಗ್ಗತ್ತಲಲ್ಲಿ ಅದು ತನ್ನದೇ ಅವಕೆಂಪು ದೀಪವನ್ನು, ಅಂದರೆ ಮನುಷ್ಯನ ಕಣ್ಣು ಗ್ರಹಿಸಲಾರದ ಕಿರಣಗಳ ದೀಪವನ್ನು, ನೆಚ್ಚಿಕೊಳ್ಳುತ್ತದೆ. ಈ ದೀಪದ ತರಂಗಾಂತರವನ್ನು ವಿಚಾರಿಸದೆ ಕೊಳ್ಳಬಾರದು: 850 ನ್ಯಾನೋಮೀಟರಿನದು ದೂರದವರೆಗೆ ಬೆಳಗಿದರೂ ಎದುರಿನಿಂದ ನೋಡಿದರೆ ಮಸುಕಾದ ಕೆಂಪಾಗಿ ಮಿನುಗುತ್ತದೆ, 940ರದು ಕಣ್ಣಿಗೆ ಬೀಳದಿದ್ದರೂ ಸಂವೇದಕ ಅದನ್ನು ಕಡಿಮೆ ಗ್ರಹಿಸುವುದರಿಂದ ನೋಟದ ದೂರ ತಗ್ಗುತ್ತದೆ. ಉಡುಪಿಯ ಕಡಿಯಾಳಿಯಿಂದ ಕಾರ್ಕಳದವರೆಗಿನ ಮಳೆಗಾಲದಲ್ಲಂತೂ ಹನಿ, ಮಂಜುಗಳು ಆ ಬೆಳಕನ್ನೇ ಹಿಂದಕ್ಕೆ ಚೆಲ್ಲಿ ಪರದೆಯನ್ನು ಬೆಳ್ಳಗಾಗಿಸುವುದರಿಂದ, ಹೆಚ್ಚಿನ ವರ್ಧನೆಗಿಂತ, ದೀಪವನ್ನು ಅಷ್ಟಾಗಿ ನೆಚ್ಚದಂತೆ ಹೆಚ್ಚು ಬೆಳಕು ಹಿಡಿಯುವ ಅಗಲವಾದ ಮಸೂರವೂ ನೀರು ನುಗ್ಗದ ಕವಚವೂ ಮೇಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ, ಕುದುರೆಮುಖದ ತಪ್ಪಲಿನಲ್ಲಿ ಇದನ್ನು ಹಿಡಿಯುವವರು ನೋಡುವುದಕ್ಕಷ್ಟೇ ಬಳಸಲಿ, ಇರುಳಲ್ಲಿ ಕಾಡಿಗೆ ಕಾಲಿಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಲಿ.