ಒಂದೇ ಬಂದರು, ಎರಡು ಬಾಗಿಲು

ಒಂದು ಕಾನೂನಿನ ಪ್ರತಿಯನ್ನು ನಿಮ್ಮ ಕೈಗಿತ್ತು, ‘ಇದು ಯಾರನ್ನು ತಡೆಯಲು ಬರೆದದ್ದು, ಹೇಳಿ’ ಎಂದು ಕೇಳಿದರೆ ಏನು ಮಾಡುತ್ತೀರಿ? ಅದರಲ್ಲಿ ಯಾವುದಾದರೂ ಜನಾಂಗದ, ದೇಶದ ಹೆಸರಿದೆಯೇ ಎಂದು ಹುಡುಕುತ್ತೀರಿ. ಸಿಗದಿದ್ದರೆ ‘ಇದು ಎಲ್ಲರಿಗೂ ಒಂದೇ’ ಎಂದು ಪ್ರತಿಯನ್ನು ಹಿಂತಿರುಗಿಸುತ್ತೀರಿ. ಆ ತೀರ್ಮಾನ ಎಷ್ಟು ಅವಸರದ್ದು ಎಂಬುದನ್ನು ದಕ್ಷಿಣ ಆಫ್ರಿಕಾದ ನಟಾಲ್ ವಸಾಹತಿನ ಇತಿಹಾಸ ತೋರಿಸಿಕೊಡುತ್ತದೆ.

ಹಿಂದೂ ಮಹಾಸಾಗರದ ದಡದಲ್ಲಿರುವ ನಟಾಲ್ 1843ರಲ್ಲಿ ಬ್ರಿಟಿಷರ ವಶವಾಯಿತು. ಅದರ ಬಂದರು ಡರ್ಬನ್. ಅಲ್ಲಿನ ಜನರಲ್ಲಿ ಬಹುಪಾಲು ಜುಲು ಭಾಷೆಯ ಆಫ್ರಿಕನ್ನರು. ಅಧಿಕಾರ ಮಾತ್ರ ಬೆರಳೆಣಿಕೆಯ ಬಿಳಿಯರದು. ಕರಾವಳಿಯ ಕಬ್ಬಿನ ತೋಟಗಳಿಗೆ ಅಗ್ಗದ ಆಳುಗಳು ಬೇಕಾದಾಗ ತೋಟದ ಮಾಲೀಕರು ಭಾರತದತ್ತ ನೋಡಿದರು. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ‘ಟ್ರೂರೋ’ ಹಡಗು ಮೊದಲ ತಂಡವನ್ನು ಡರ್ಬನ್ನಿನಲ್ಲಿ ಇಳಿಸಿತು. 1911ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಹೀಗೆ ಬಂದವರ ಸಂಖ್ಯೆ ಒಂದೂವರೆ ಲಕ್ಷ ಮೀರಿತ್ತು.

ಬಂದವರು ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿದವರು. ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್ ಕೂಲಿ, ಆಮೇಲೆ ವರ್ಷಕ್ಕೊಂದು ಶಿಲಿಂಗ್ ಹೆಚ್ಚು; ಜೊತೆಗೆ ಊಟ, ವಸತಿ. ಇವರ ವ್ಯವಹಾರ ನೋಡಿಕೊಳ್ಳಲು ‘ಭಾರತೀಯ ವಲಸಿಗರ ರಕ್ಷಣಾಧಿಕಾರಿ’ ಎಂಬ ಹುದ್ದೆಯಿತ್ತು. ಅಲ್ಲಿನ ದಫ್ತರದಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಹುಟ್ಟೂರು. ಹೆಸರಿಗೆ ರಕ್ಷಣೆ, ಆದರೆ ಅಧಿಕಾರಿ ಸಂಬಳ ಪಡೆಯುತ್ತಿದ್ದುದು ಆಳುಗಳನ್ನು ತರಿಸುತ್ತಿದ್ದ ವಸಾಹತಿನಿಂದಲೇ ಎಂಬುದನ್ನು ಗಮನಿಸಿ.

ಕರಾರು ಮುಗಿದ ಮೇಲೆ ಅನೇಕರು ಅಲ್ಲಿಯೇ ನಿಂತರು. ತರಕಾರಿ ಬೆಳೆದರು, ತಲೆಯ ಮೇಲೆ ಹೊತ್ತು ಮಾರಿದರು, ಸಣ್ಣ ಅಂಗಡಿ ಇಟ್ಟರು. ಇವರಲ್ಲದೆ ಸ್ವಂತ ಖರ್ಚಿನಲ್ಲಿ ಬಂದ ವರ್ತಕರೂ ಇದ್ದರು. ಅವರಲ್ಲಿ ಹೆಚ್ಚಿನವರು ಗುಜರಾತಿನವರು. 1890ರ ದಶಕದಲ್ಲಿ ಭಾರತೀಯರ ಸಂಖ್ಯೆ ಬಿಳಿಯರ ಸಂಖ್ಯೆಗೆ ಹತ್ತಿರ ಬಂತು. ಬಿಳಿಯರಿಗೆ ಆಳು ಬೇಕಿತ್ತು, ನೆರೆಯವನು ಬೇಕಿರಲಿಲ್ಲ. 1893ರಲ್ಲಿ ನಟಾಲಿಗೆ ಸ್ವಯಮಾಡಳಿತ ಸಿಕ್ಕಿತು. ಕಾನೂನು ಮಾಡುವ ಕೈ ಈಗ ಅವರದೇ.

ಮೊದಲು ಬಂದದ್ದು ತೆರಿಗೆ. 1895ರ ಕಾಯಿದೆಯ ಪ್ರಕಾರ, ಅಲ್ಲಿಂದ ಮುಂದೆ ಕರಾರಿನ ಮೇಲೆ ಬಂದವರು ಅವಧಿ ಮುಗಿದ ಬಳಿಕ ಭಾರತಕ್ಕೆ ಹಿಂತಿರುಗಬೇಕು, ಇಲ್ಲವೇ ಮತ್ತೆ ಕರಾರಿಗೆ ಒಳಗಾಗಬೇಕು, ಇಲ್ಲವೇ ವರ್ಷಕ್ಕೆ 3 ಪೌಂಡ್ ತೆರಬೇಕು. ಒಂದು ಲೆಕ್ಕ ಮಾಡಿ. ಪೌಂಡಿಗೆ 20 ಶಿಲಿಂಗ್. ಮೂರು ಪೌಂಡಿಗೆ 60. ಮೊದಲ ವರ್ಷದ ಆಳಿಗೆ ಅದು ಆರು ತಿಂಗಳ ಕೂಲಿ! 1903ರಲ್ಲಿ ಈ ತೆರಿಗೆಯನ್ನು 16 ದಾಟಿದ ಗಂಡುಮಕ್ಕಳಿಗೂ 13 ದಾಟಿದ ಹೆಣ್ಣುಮಕ್ಕಳಿಗೂ ವಿಸ್ತರಿಸಿದರು.

ಬಂದರಿನ ಸರದಿ ಆಮೇಲೆ ಬಂತು. ಭಾರತೀಯರೆಂದು ಹೆಸರಿಟ್ಟು ತಡೆದರೆ ಲಂಡನ್ ಸರ್ಕಾರಕ್ಕೆ ಮುಜುಗರ, ಏಕೆಂದರೆ ಅವರೂ ಅದೇ ಸಾಮ್ರಾಜ್ಯದ ಪ್ರಜೆಗಳು. ನಟಾಲ್ ಇದಕ್ಕೊಂದು ಉಪಾಯ ಕಂಡುಕೊಂಡಿತು. 1897ರ ವಲಸೆ ನಿರ್ಬಂಧ ಕಾಯಿದೆಯಲ್ಲಿ ಯಾವ ಜನಾಂಗದ ಹೆಸರೂ ಇಲ್ಲ. ಹಡಗಿನಿಂದ ಇಳಿಯುವವನು ಅಧಿಕಾರಿ ಕೇಳಿದಾಗ ಯೂರೋಪಿನ ಯಾವುದಾದರೊಂದು ಭಾಷೆಯ ಲಿಪಿಯಲ್ಲಿ ಸ್ವತಃ ಅರ್ಜಿ ಬರೆದು ಸಹಿ ಹಾಕಬೇಕು, ಅಷ್ಟೆ. ತಮಿಳು, ಗುಜರಾತಿ, ಉರ್ದುವಿನಲ್ಲಿ ಎಷ್ಟೇ ಪಂಡಿತನಾದರೂ ಅವನು ‘ನಿಷಿದ್ಧ ವಲಸಿಗ’. ‘ಅಧಿಕಾರಿ ಕೇಳಿದಾಗ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಯಾರನ್ನು ಕೇಳಬೇಕು, ಯಾರನ್ನು ಸುಮ್ಮನೆ ಬಿಡಬೇಕು ಎಂಬುದು ಮೇಜಿನ ಹಿಂದೆ ಕುಳಿತವನ ಇಷ್ಟ.

ಇಷ್ಟಾದರೂ ಕರಾರಿನ ಆಳುಗಳಿಗೆ ಈ ಪರೀಕ್ಷೆ ಇರಲಿಲ್ಲ! ಅವರಿಗೆ ರಕ್ಷಣಾಧಿಕಾರಿಯ ಬಾಗಿಲು ತೆರೆದೇ ಇತ್ತು. ಸ್ವತಂತ್ರನಾಗಿ ಬಂದರೆ ಅಕ್ಷರ ಬೇಕು. ಅಕ್ಷರವಿಲ್ಲದೆ ಬರಬೇಕಾದರೆ ಆಳಾಗಿಯೇ ಬರಬೇಕು. ವಿಜ್ಞಾನದ ಪಾಠದಲ್ಲಿ ನೀವು ಓದಿರುವ ಅರೆಪ್ರವೇಶ್ಯ ಪೊರೆಯಂತೆ, ಈ ಆಡಳಿತ ತನಗೆ ಬೇಕಾದುದನ್ನಷ್ಟೇ ಒಳಬಿಡುತ್ತಿತ್ತು.

ಒಳಗಿದ್ದವರ ಗತಿಯೇನು? ಇಲ್ಲಿ ಪುರಸಭೆ ಬರುತ್ತದೆ. ಅದೇ 1897ರ ವರ್ತಕರ ಪರವಾನಗಿ ಕಾಯಿದೆಯಂತೆ ಅಂಗಡಿಯ ಲೈಸೆನ್ಸ್ ಕೊಡುವ ಅಧಿಕಾರಿಯನ್ನು ಪುರಸಭೆಯೇ ನೇಮಿಸುತ್ತಿತ್ತು. ಕೊಡುವುದು, ಬಿಡುವುದು ಅವನ ವಿವೇಚನೆ. ನಿರಾಕರಿಸಿದರೆ ಮೇಲ್ಮನವಿ ಯಾರಿಗೆ? ಅದೇ ಪುರಸಭೆಗೆ. ಅಲ್ಲಿಯೂ ನಿರಾಕರಿಸಿದರೆ ಆ ತೀರ್ಮಾನದ ಸರಿತಪ್ಪನ್ನು ನ್ಯಾಯಾಲಯ ನೋಡುವಂತಿರಲಿಲ್ಲ. ಪುರಸಭೆಯ ಸದಸ್ಯರಲ್ಲಿ ಬಿಳಿಯ ವರ್ತಕರೂ ಇದ್ದರು. ಪಂದ್ಯದ ಎದುರಾಳಿಯೇ ತೀರ್ಪುಗಾರನಾದಂತೆ!

1898ರ ಸೋಮನಾಥ ಮಹಾರಾಜ್ ಪ್ರಕರಣ ಇದಕ್ಕೆ ನಿದರ್ಶನ. ಡರ್ಬನ್ನಿನಲ್ಲಿ ಅಂಗಡಿಗೆ ಪರವಾನಗಿ ಕೇಳಿದ ಅವರಿಗೆ ಅದು ಸಿಗಲಿಲ್ಲ, ಕಾರಣವನ್ನೂ ತಿಳಿಸಲಿಲ್ಲ. ಪುರಸಭೆ ತನ್ನ ಅಧಿಕಾರಿಯ ಪರ ನಿಂತಿತು. ವಿಚಾರಣೆ ನಡೆಸಿದ ರೀತಿ ಸರಿಯಲ್ಲವೆಂದು ನಟಾಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಪುರಸಭೆ ಎರಡನೆಯ ಸಲ ಕ್ರಮಬದ್ಧವಾಗಿ ವಿಚಾರಣೆ ನಡೆಸಿ, ಅಂಥ ವ್ಯಾಪಾರ ಊರಿನಲ್ಲಿ ಸಾಕಷ್ಟಿದೆಯೆಂದು ಮತ್ತೆ ನಿರಾಕರಿಸಿತು! ನ್ಯಾಯಾಲಯ ವಿಧಾನವನ್ನು ತಿದ್ದಿತು; ಅಂಗಡಿಯ ಬಾಗಿಲು ಮಾತ್ರ ತೆರೆಯಲಿಲ್ಲ.

ನಟಾಲಿನ ಉಪಾಯ ಅಲ್ಲಿಗೇ ನಿಲ್ಲಲಿಲ್ಲ. 1897ರಲ್ಲಿ ಲಂಡನ್ನಿನಲ್ಲಿ ಸೇರಿದ ವಸಾಹತುಗಳ ಪ್ರಧಾನಿಗಳಿಗೆ ಬ್ರಿಟನ್ನಿನ ಮಂತ್ರಿ ಜೋಸೆಫ್ ಚೇಂಬರ್ಲಿನ್ ಅದನ್ನೇ ಮಾದರಿಯಾಗಿ ತೋರಿಸಿದರು. ಆಸ್ಟ್ರೇಲಿಯಾ 1901ರಲ್ಲಿ 50 ಪದಗಳ ಉಕ್ತಲೇಖನ ಪರೀಕ್ಷೆಯನ್ನು ಜಾರಿಗೆ ತಂದಿತು. ಅದು ರದ್ದಾದದ್ದು 1958ರಲ್ಲಿ. ನಟಾಲಿನಲ್ಲಿ ಇದ್ದ ಪರವಾನಗಿಯ ನವೀಕರಣವನ್ನು ನಿರಾಕರಿಸಿದರೆ ನ್ಯಾಯಾಲಯಕ್ಕೆ ಹೋಗುವ ಹಕ್ಕು 1909ರಲ್ಲಿ ಬಂತು. ಗಾಂಧೀಜಿಯವರ ನೇತೃತ್ವದ 1913ರ ಮುಷ್ಕರದಲ್ಲಿ ಸಾವಿರಾರು ಕಾರ್ಮಿಕರು ಕೆಲಸ ಬಿಟ್ಟು ನಡೆದ ಮೇಲೆ, 1914ರಲ್ಲಿ ಮೂರು ಪೌಂಡ್ ತೆರಿಗೆ ಹೋಯಿತು.

ಇತಿಹಾಸದ ಪರೀಕ್ಷೆಗೆ ಈ ಇಸವಿಗಳು ಬೇಕಾಗಬಹುದು. ಅವುಗಳ ಜೊತೆಗೆ ನಾಲ್ಕು ಪ್ರಶ್ನೆಗಳನ್ನೂ ಬರೆದಿಟ್ಟುಕೊಳ್ಳಿ. ತೀರ್ಮಾನ ಮಾಡುವವರು ಯಾರು? ಅವರು ಕಾರಣ ತಿಳಿಸಬೇಕೇ? ಒಪ್ಪದಿದ್ದರೆ ಹೋಗಬೇಕಾದುದು ಯಾರ ಬಳಿಗೆ? ಆ ಮೇಲಿನವರು ಮೊದಲಿನವರಿಗಿಂತ ನಿಜಕ್ಕೂ ಬೇರೆಯವರೇ? ಹೆಸರು ನೋಡಿದರೆ ಯಾರಿಗೂ ನೋವಾಗದಂತೆ ಕಾಣುವ ನಿಯಮ ಯಾರ ಮೇಲೆ ಬೀಳುತ್ತದೆ ಎಂಬುದು ಈ ಉತ್ತರಗಳಲ್ಲಿದೆ. ಮುಂದಿನ ಸಲ ಯಾವುದಾದರೂ ಕಚೇರಿಯ ಅರ್ಜಿ ನಮೂನೆ ನಿಮ್ಮ ಕೈಗೆ ಬಂದಾಗ, ತುಂಬುವ ಮೊದಲು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಈ ನಾಲ್ಕನ್ನೂ ಕೇಳಿ ನೋಡಿ.